ಫಾದರ್ ಸ್ಟ್ಯಾನ್ ಸ್ವಾಮಿ (1937–2021): ಆದಿವಾಸಿಗಳ ಜೊತೆ ನಿಂತ ಯೇಸುಸಭೆಯ ಗುರು

ಜಾರ್ಖಂಡಿನ ಆದಿವಾಸಿಗಳ ಹಕ್ಕಿಗಾಗಿ ಮೂವತ್ತು ವರ್ಷ ದುಡಿದ ಯೇಸುಸಭೆಯ ಗುರು ವಂದನೀಯ ಫಾದರ್ ಸ್ಟ್ಯಾನ್ ಸ್ವಾಮಿಯವರು 2021ರ ಜುಲೈ 5ರಂದು ಮುಂಬೈಯ ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಅವರಿಗೆ 84 ವರ್ಷ. ಭಯೋತ್ಪಾದನೆ ವಿರೋಧಿ ಕಾನೂನಿನಡಿ ಬಂಧಿತರಾಗಿ, ಜಾಮೀನು ಸಿಗದೆ, ವಿಚಾರಣೆಯೂ ಆರಂಭವಾಗದೆ, ಕೈದಿಯಾಗಿಯೇ ಅವರು ಕೊನೆಯುಸಿರೆಳೆದರು.

ನಮ್ಮ ಕರಾವಳಿಯ ಬಹಳಷ್ಟು ಮನೆಗಳಿಗೆ ಅವರ ಹೆಸರು ಪರಿಚಯವಾದದ್ದು ಒಂದು ಸಿಪ್ಪರ್ ಲೋಟದಿಂದ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುವ ಮುದಿ ಗುರುವೊಬ್ಬರು ನೀರು ಕುಡಿಯಲು ಒಂದು ಸ್ಟ್ರಾ ಕೊಡಿ ಎಂದು ನ್ಯಾಯಾಲಯವನ್ನು ಕೇಳಬೇಕಾಯಿತು ಎಂಬ ಸುದ್ದಿ ಎಲ್ಲರ ಮನಸ್ಸನ್ನು ಕಲಕಿತು. ಅದು ನಡೆದದ್ದು ನಿಜ. ಆದರೆ ಆ ಲೋಟದ ಮರೆಯಲ್ಲಿ ಅವರ ಕೆಲಸವೇ ಕಾಣದೆ ಹೋಯಿತೇನೋ ಎಂದು ನಮಗೆ ಅನಿಸುತ್ತದೆ. ಅವರಿಗಾಗಿ ಪ್ರಾರ್ಥಿಸಿದ ನಮ್ಮಲ್ಲೇ ಎಷ್ಟೋ ಮಂದಿಗೆ, ಅವರು ಆ ಮೂವತ್ತು ವರ್ಷ ಏನು ಮಾಡುತ್ತಿದ್ದರು ಎಂದು ಕೇಳಿದರೆ, ಬಡವರ ಸೇವೆ ಎಂಬುದಕ್ಕಿಂತ ಹೆಚ್ಚು ಹೇಳಲು ಬರುವುದಿಲ್ಲ. ಅವರು ನಡೆಸಿದ್ದು ಅನಾಥಾಶ್ರಮವನ್ನಲ್ಲ, ಆಸ್ಪತ್ರೆಯನ್ನೂ ಅಲ್ಲ. ಈ ದೇಶದ ಕಾನೂನಿನಲ್ಲಿ ಆದಿವಾಸಿಗಳಿಗಾಗಿ ಈಗಾಗಲೇ ಬರೆದಿಟ್ಟದ್ದನ್ನು ಅವರಿಗೆ ಓದಿ ಹೇಳುವುದು, ಅದು ಜಾರಿಯಾಗಿದೆಯೇ ಎಂದು ಊರೂರಿಗೆ ಹೋಗಿ ನೋಡುವುದು, ಆಗಿಲ್ಲದಿದ್ದರೆ ಏಕೆ ಆಗಿಲ್ಲ ಎಂದು ಸರಕಾರವನ್ನು ಕೇಳುವುದು, ಇದೇ ಅವರ ಕೆಲಸವಾಗಿತ್ತು.

ಹುಟ್ಟೂರಿನಿಂದ ಸಿಂಗ್‌ಭೂಮ್‌ಗೆ

ಸ್ಟ್ಯಾನಿಸ್ಲಾವುಸ್ ಲೂರ್ದುಸ್ವಾಮಿ ಎಂಬುದು ಅವರ ಪೂರ್ಣ ಹೆಸರು. 1937ರ ಏಪ್ರಿಲ್ 26ರಂದು ತಮಿಳುನಾಡಿನ ತಿರುಚಿರಾಪಳ್ಳಿ ಜಿಲ್ಲೆಯ ವಿರಗಲೂರು ಎಂಬ ಹಳ್ಳಿಯಲ್ಲಿ ಜನಿಸಿದರು. ತಿರುಚಿಯ ಸಂತ ಜೋಸೆಫರ ಶಾಲೆಯಲ್ಲಿ ಓದುವಾಗ ಯೇಸುಸಭೆಯ ಗುರುಗಳ ಸಂಪರ್ಕ ಬಂತು. 1957ರಲ್ಲಿ ಯೇಸುಸಭೆಗೆ ಸೇರಿದರು. ಸೇರಿದ್ದು ತಮ್ಮ ಸೀಮೆಯ ಪ್ರಾಂತ್ಯಕ್ಕಲ್ಲ, ದೂರದ ಜಮ್ಶೆಡ್‌ಪುರದ ಮಿಷನ್‌ಗೆ. ಅಲ್ಲಿಂದ ಮುಂದೆ ಅವರ ಬದುಕು ಬೆಳೆದದ್ದು ಬೇರೆ ಭಾಷೆ, ಬೇರೆ ಜನರ ನಡುವೆ.

ಗುರುದೀಕ್ಷೆಗೆ ಮುಂಚಿನ ತರಬೇತಿಯ ಭಾಗವಾಗಿ 1965ರಲ್ಲಿ ಅವರನ್ನು ಪಶ್ಚಿಮ ಸಿಂಗ್‌ಭೂಮ್ ಜಿಲ್ಲೆಯ ಚೈಬಾಸಾ ಬಳಿಯ ಲುಪುಂಗುಟು ಎಂಬಲ್ಲಿನ ಶಾಲೆಗೆ ಶಿಕ್ಷಕರಾಗಿ ಕಳುಹಿಸಲಾಯಿತು. ಹಾಸ್ಟೆಲಿನ ಮಕ್ಕಳ ಹೊಣೆಯೂ ಅವರದೇ. ಮಕ್ಕಳಲ್ಲಿ ಹೆಚ್ಚಿನವರು 'ಹೋ' ಎಂಬ ಆದಿವಾಸಿ ಸಮುದಾಯದವರು. ರಜೆಯಲ್ಲಿ ಮಕ್ಕಳ ಮನೆಗಳಿಗೆ ಹೋಗುತ್ತಿದ್ದರು, ವಾರದ ಸಂತೆಗೂ ಅವರ ಜೊತೆಯಲ್ಲಿ ನಡೆಯುತ್ತಿದ್ದರು. ಕಾಡಿನಿಂದ, ಹೊಲದಿಂದ ತಂದ ಸಾಮಾನಿಗೆ ಹೊರಗಿನ ವ್ಯಾಪಾರಿಗಳು ಹೇಗೆ ಮೋಸದ ಬೆಲೆ ಕಟ್ಟುತ್ತಾರೆ ಎಂಬುದನ್ನು ಕಣ್ಣಾರೆ ಕಂಡದ್ದು ಅಲ್ಲಿಯೇ. ಪಾಠ ಹೇಳಲು ಹೋದವರು ಅಲ್ಲಿ ತಾವೇ ಪಾಠ ಕಲಿತರು ಎನ್ನಬೇಕು.

1967ರಲ್ಲಿ ದೈವಶಾಸ್ತ್ರದ ಅಧ್ಯಯನಕ್ಕೆ ಫಿಲಿಪೈನ್ಸ್‌ಗೆ ಹೋದರು. 1970ರಲ್ಲಿ ಮನಿಲಾದಲ್ಲಿ ಗುರುದೀಕ್ಷೆ ಪಡೆದರು. ಅಲ್ಲಿಯೇ ಸಮಾಜಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನೂ ಗಳಿಸಿದರು. ಮರಳಿ ಬಂದವರು ಪ್ಯಾರಿಷ್ ಹೊಣೆ ಕೇಳಲಿಲ್ಲ. ಹೋ ಆದಿವಾಸಿಗಳ ಹಳ್ಳಿಯೊಂದರಲ್ಲಿ ಅವರ ನಡುವೆಯೇ ವಾಸ ಮಾಡಿ ಅವರ ಬದುಕಿನ ರೀತಿಯನ್ನು ತಿಳಿದುಕೊಂಡರು. ಬಳಿಕ ಉನ್ನತ ವ್ಯಾಸಂಗಕ್ಕಾಗಿ ಬೆಲ್ಜಿಯಂಗೆ ಹೋದಾಗ ಬ್ರೆಜಿಲ್ ದೇಶದ ಮಹಾಧರ್ಮಾಧ್ಯಕ್ಷ ಹೆಲ್ಡರ್ ಕಾಮರಾ ಅವರ ಸ್ನೇಹವಾಯಿತು. ಬಡವರ ಪರ ಕಾಮರಾ ಅವರು ಮಾಡಿದ ಕೆಲಸ ಇವರ ಮೇಲೆ ಪ್ರಭಾವ ಬೀರಿತು.

ಬೆಂಗಳೂರಿನ ವರ್ಷಗಳು

ಸ್ಟ್ಯಾನ್ ಸ್ವಾಮಿಯವರು ಕರ್ನಾಟಕದಲ್ಲಿ ಒಂದೂವರೆ ದಶಕ ಕೆಲಸ ಮಾಡಿದ್ದಾರೆ ಎಂಬುದು ನಮ್ಮ ಜನರಲ್ಲಿ ಅನೇಕರಿಗೆ ತಿಳಿಯದು. 1975ರಲ್ಲಿ ಅವರು ಬೆಂಗಳೂರಿನ ಬೆನ್ಸನ್ ಟೌನ್‌ನಲ್ಲಿರುವ ಯೇಸುಸಭೆಯ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ಗೆ ಬಂದರು. 1986ರವರೆಗೆ ಅದರ ನಿರ್ದೇಶಕರಾಗಿದ್ದರು. ಹಳ್ಳಿಗಳಲ್ಲಿ, ಕೊಳೆಗೇರಿಗಳಲ್ಲಿ ಕೆಲಸ ಮಾಡುವ ಯುವಕ ಯುವತಿಯರಿಗೂ ಗುರುಗಳು, ಧರ್ಮಭಗಿನಿಯರಿಗೂ ತರಬೇತಿ ಕೊಡುವ ಸಂಸ್ಥೆ ಅದು. ಒಂದು ಊರಿನಲ್ಲಿ ಬಡತನ ಇದೆ ಎಂದರೆ ಭೂಮಿ ಯಾರ ಕೈಯಲ್ಲಿದೆ, ಸಾಲ ಯಾರಿಂದ ಬರುತ್ತದೆ, ಪಂಚಾಯಿತಿಯಲ್ಲಿ ಮಾತು ಯಾರದು ಎಂದು ವಿಚಾರಿಸಿ ನೋಡುವುದನ್ನು ಅಲ್ಲಿ ಕಲಿಸುತ್ತಿದ್ದರು.

ಆ ಕಾಲವನ್ನೂ ಇಲ್ಲಿ ನೆನೆಯಬೇಕು. 1975ರಲ್ಲಿ ದೇಶದಲ್ಲಿ ತುರ್ತು ಪರಿಸ್ಥಿತಿ ಬಂತು. ಅದೇ ವರ್ಷದ ಆರಂಭದಲ್ಲಿ ರೋಮ್‌ನಲ್ಲಿ ಮುಗಿದ ಯೇಸುಸಭೆಯ 32ನೇ ಮಹಾಸಭೆ, ವಿಶ್ವಾಸದ ಸೇವೆ ಎಂಬುದರಲ್ಲಿ ನ್ಯಾಯಕ್ಕಾಗಿ ದುಡಿಯುವುದೂ ಸೇರಿದೆ ಎಂದು ಸಾರಿತ್ತು. ಆಗ ಫಾದರ್ ಪೆದ್ರೊ ಅರುಪೆ ಯೇಸುಸಭೆಯ ಮಹಾಮುಖ್ಯಸ್ಥರು. ಕಾಲೇಜು, ಹೈಸ್ಕೂಲುಗಳಿಗೆ ಹೆಸರಾದ ಸಭೆಯೊಂದು ತನ್ನ ದಾರಿಯನ್ನು ಮರುಪರಿಶೀಲಿಸುತ್ತಿದ್ದ ಹೊತ್ತು ಅದು. ಸ್ಟ್ಯಾನ್ ಸ್ವಾಮಿ ಒಬ್ಬಂಟಿಯಾಗಿ ಎಲ್ಲಿಂದಲೋ ಹುಟ್ಟಿ ಬಂದವರಲ್ಲ, ತಮ್ಮ ಸಭೆಯ ನಿರ್ಣಯವನ್ನು ಅಕ್ಷರಶಃ ಪಾಲಿಸಲು ಹೊರಟವರು. ಅವರನ್ನು ದಾರಿ ತಪ್ಪಿದ ಪಾದ್ರಿ ಎಂದು ಕರೆದವರು ಇದನ್ನು ತಿಳಿದಿದ್ದರೆ ಒಳ್ಳೆಯದಿತ್ತು.

ತರಬೇತಿ ಕೊಡುವುದಷ್ಟೇ ಸಾಲದು, ತಾವೇ ಜನರ ನಡುವೆ ಇರಬೇಕು ಎಂದು ಅವರಿಗೆ ಅನಿಸಿತು. 1991ರಲ್ಲಿ, ಐವತ್ತನಾಲ್ಕನೇ ವಯಸ್ಸಿನಲ್ಲಿ, ಮತ್ತೆ ಚೈಬಾಸಾಕ್ಕೆ ಹೊರಟರು.

ಜಾರ್ಖಂಡಿನಲ್ಲಿ

ಆಗ ಜಾರ್ಖಂಡ್ ಪ್ರತ್ಯೇಕ ರಾಜ್ಯವಾಗಿರಲಿಲ್ಲ, ಬಿಹಾರದ ಭಾಗವಾಗಿತ್ತು. 2000ದ ನವೆಂಬರ್ 15ರಂದು, ಬಿರ್ಸಾ ಮುಂಡಾ ಅವರ ಜನ್ಮದಿನದಂದು, ಹೊಸ ರಾಜ್ಯ ಹುಟ್ಟಿತು. ಕಬ್ಬಿಣದ ಅದಿರು, ಕಲ್ಲಿದ್ದಲು, ಯುರೇನಿಯಂ ಎಲ್ಲವೂ ಆ ನೆಲದಲ್ಲಿದೆ. ಆ ನೆಲದ ಮೇಲೆ ಇರುವವರು ಸಂತಾಲ, ಮುಂಡಾ, ಉರಾಂವ್, ಹೋ ಮೊದಲಾದ ಆದಿವಾಸಿಗಳು. ಗಣಿ, ಅಣೆಕಟ್ಟು, ಕಾರ್ಖಾನೆಗಳಿಗಾಗಿ ಊರುಗಳು ಎದ್ದು ಹೋಗುತ್ತಿದ್ದುದು ಅಲ್ಲಿ ಹೊಸತೇನಲ್ಲ.

ಚೈಬಾಸಾದಲ್ಲಿ ಮಾನವ ಹಕ್ಕುಗಳ ಸಂಘಟನೆಯೊಂದರ ಜೊತೆ ಹತ್ತು ವರ್ಷ ದುಡಿದು ಬಳಿಕ ರಾಂಚಿಗೆ ಬಂದರು. ಹೊಸ ರಾಜ್ಯ ಹುಟ್ಟಿ ಮೂರು ತಿಂಗಳೂ ಆಗಿರಲಿಲ್ಲ, 2001ರ ಫೆಬ್ರವರಿ 2ರಂದು ಕೋಯೆಲ್ ಕಾರೋ ಅಣೆಕಟ್ಟು ಯೋಜನೆಯನ್ನು ವಿರೋಧಿಸುತ್ತಿದ್ದ ಆದಿವಾಸಿಗಳ ಮೇಲೆ ತಪ್ಕರಾ ಎಂಬಲ್ಲಿ ಪೊಲೀಸರು ಗುಂಡು ಹಾರಿಸಿದರು. ಎಂಟು ಮಂದಿ ಸತ್ತರು. ಆ ಯೋಜನೆಯನ್ನು ಮುಂದೆ ಕೈಬಿಡಲಾಯಿತು. ಸ್ಟ್ಯಾನ್ ಸ್ವಾಮಿಯವರು ಆ ಚಳವಳಿಯ ಜೊತೆಗಿದ್ದರು. ಒಕ್ಕಲೆಬ್ಬಿಸುವಿಕೆಯ ವಿರುದ್ಧ ಅಲ್ಲಲ್ಲಿ ಹೋರಾಡುತ್ತಿದ್ದ ಗುಂಪುಗಳನ್ನು ಒಟ್ಟು ಸೇರಿಸುವ ಪ್ರಯತ್ನದಲ್ಲೂ ಅವರ ಪಾಲಿತ್ತು.

2006ರಲ್ಲಿ ರಾಂಚಿಯ ಹೊರವಲಯದ ನಾಮ್‌ಕುಮ್‌ನಲ್ಲಿ 'ಬಗೈಚಾ' ಎಂಬ ಕೇಂದ್ರ ಆರಂಭವಾಯಿತು. ಸಾದ್ರಿ ಭಾಷೆಯಲ್ಲಿ ಬಗೈಚಾ ಎಂದರೆ ತೋಟ. ಆದಿವಾಸಿ ಯುವಕರಿಗೆ ತರಬೇತಿ, ಸಂಶೋಧನೆ, ಸಭೆ ಎಲ್ಲವೂ ಅಲ್ಲಿಯೇ. ಅಂಗಳದಲ್ಲಿ ಬಿರ್ಸಾ ಮುಂಡಾ ಅವರ ಪ್ರತಿಮೆ ಇದೆ. ಪಕ್ಕದಲ್ಲಿ ಒಂದು ಕಲ್ಲು. ನೆಲಕ್ಕಾಗಿ ನಡೆದ ಹೋರಾಟಗಳಲ್ಲಿ ಪ್ರಾಣ ಕಳೆದುಕೊಂಡವರ ಹೆಸರುಗಳನ್ನು ಅದರ ಮೇಲೆ ಕೆತ್ತಿದ್ದಾರೆ. ಆ ಕೇಂದ್ರದ ಒಂದು ಕೋಣೆಯಲ್ಲಿ ಸ್ಟ್ಯಾನ್ ಸ್ವಾಮಿಯವರ ವಾಸ. 2019ರ ಅಕ್ಟೋಬರ್‌ನಲ್ಲಿ ಪೊಲೀಸರು ಅವರ ಆಸ್ತಿ ಮುಟ್ಟುಗೋಲು ಹಾಕಲು ಬಂದಾಗ ಸಿಕ್ಕಿದ್ದು ಮೇಜು, ಕುರ್ಚಿ, ಕಬ್ಬಿಣದ ಬೀರು, ಹಾಸಿಗೆ, ದಿಂಬು ಇಂಥವೇ.

ಕಾನೂನಿನಲ್ಲಿ ಇದ್ದದ್ದೇನು? ರಾಂಪುರದಲ್ಲಿ ನಿಂತು ನೋಡಿದರೆ

ಅವರು ಸದಾ ಎತ್ತುತ್ತಿದ್ದ ಪ್ರಶ್ನೆಗಳನ್ನು ತಿಳಿಯಲು ಸ್ವಲ್ಪ ಕಾನೂನು ತಿಳಿಯಬೇಕು. ಸಂವಿಧಾನದ ಐದನೇ ಅನುಸೂಚಿ, ಆದಿವಾಸಿಗಳು ಹೆಚ್ಚಾಗಿರುವ ಕೆಲವು ಪ್ರದೇಶಗಳನ್ನು ಅನುಸೂಚಿತ ಪ್ರದೇಶಗಳೆಂದು ಗುರುತಿಸಿ ಅಲ್ಲಿನ ನೆಲಕ್ಕೆ ವಿಶೇಷ ರಕ್ಷಣೆ ಕೊಡುತ್ತದೆ. ಅಂಥ ಕಡೆ 1996ರ ಪೇಸಾ ಕಾಯ್ದೆಯಂತೆ ಜಮೀನು ಸ್ವಾಧೀನಕ್ಕೆ ಮುಂಚೆ ಗ್ರಾಮಸಭೆಯನ್ನು ಕೇಳಬೇಕು. 1997ರ ಸಮತಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅನುಸೂಚಿತ ಪ್ರದೇಶದ ಸರಕಾರಿ ಭೂಮಿಯನ್ನು ಕೂಡ ಖಾಸಗಿ ಗಣಿ ಕಂಪೆನಿಗಳಿಗೆ ಗುತ್ತಿಗೆ ಕೊಡುವಂತಿಲ್ಲ ಎಂದಿತು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಬ್ರಿಟಿಷರ ಕಾಲದ್ದೇ ಆದ 1908ರ ಛೋಟಾನಾಗಪುರ ಗೇಣಿ ಕಾಯ್ದೆ, ಆದಿವಾಸಿಯ ಜಮೀನು ಬೇರೆಯವರ ಪಾಲಾಗದಂತೆ ತಡೆಯುತ್ತದೆ. ಇಷ್ಟೆಲ್ಲ ಇದ್ದೂ ಊರುಗಳು ಹೇಗೆ ಖಾಲಿಯಾಗುತ್ತವೆ ಎಂಬುದೇ ಸ್ಟ್ಯಾನ್ ಸ್ವಾಮಿಯವರ ಪ್ರಶ್ನೆ. ಪೇಸಾ ಕಾಯ್ದೆಗೆ ಜಾರ್ಖಂಡ್ ಸರಕಾರ ಅವರು ಬದುಕಿರುವವರೆಗೂ ನಿಯಮಾವಳಿಯನ್ನೇ ರೂಪಿಸಲಿಲ್ಲ.

ಇದು ದೂರದ ಕಥೆ ಎಂದು ಓದುಗರಿಗೆ ಅನಿಸಬಹುದು. ಹಾಗಾದರೆ ನಮ್ಮ ರಾಜ್ಯದ್ದೇ ಒಂದು ಊರಿನಿಂದ ಇದನ್ನು ನೋಡೋಣ. ಬಳ್ಳಾರಿಯಿಂದ ಚಳ್ಳಕೆರೆ ಕಡೆಗೆ ಬರುವ ಹೆದ್ದಾರಿಯಲ್ಲಿ, ಆಂಧ್ರದ ಗಡಿಗೆ ಸಮೀಪ, ಮೊಳಕಾಲ್ಮೂರು ತಾಲೂಕಿನ ರಾಂಪುರ ಸಿಗುತ್ತದೆ. ಚಿತ್ರದುರ್ಗ ಜಿಲ್ಲೆಯ ಈ ಭಾಗ ಕಥೋಲಿಕ ಸಭೆಯ ಲೆಕ್ಕದಲ್ಲಿ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರುತ್ತದೆ. ಈ ಸೀಮೆಯಲ್ಲಿ ಮ್ಯಾಸನಾಯಕರು ಅಥವಾ ಮ್ಯಾಸಬೇಡರು ಎಂಬ ಬುಡಕಟ್ಟಿನವರ ದೊಡ್ಡ ಜನಸಂಖ್ಯೆ ಇದೆ. ದೇವರ ಎತ್ತುಗಳನ್ನು ಸಾಕುವುದು, ಅವುಗಳನ್ನು ಕಾಯಲು ಕಿಲಾರಿಗಳನ್ನು ನೇಮಿಸುವುದು ಅವರ ಹಳೆಯ ಸಂಪ್ರದಾಯ. ಮೊಳಕಾಲ್ಮೂರು ಮತ್ತು ಪಕ್ಕದ ಚಳ್ಳಕೆರೆ, ಎರಡೂ ವಿಧಾನಸಭಾ ಕ್ಷೇತ್ರಗಳು 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು.

ಬುಡಕಟ್ಟು ಜನ ಇಷ್ಟಿರುವ ಕಡೆ ಐದನೇ ಅನುಸೂಚಿಯ ರಕ್ಷಣೆ ಇರಬೇಕಲ್ಲವೇ? ಇಲ್ಲ. ಕರ್ನಾಟಕದಲ್ಲಿ ಒಂದೇ ಒಂದು ಅನುಸೂಚಿತ ಪ್ರದೇಶವೂ ಘೋಷಣೆಯಾಗಿಲ್ಲ. ಆದ್ದರಿಂದ ಪೇಸಾ ಕಾಯ್ದೆ ನಮ್ಮಲ್ಲಿ ಎಲ್ಲಿಯೂ ಅನ್ವಯಿಸುವುದಿಲ್ಲ. ಇದರ ಪರಿಣಾಮ ಏನೆಂದು ಚಳ್ಳಕೆರೆ ತಾಲೂಕಿನಲ್ಲಿ ಕಂಡೆವು. ಮೈಸೂರು ಅರಸರ ಕಾಲದಿಂದ ಅಮೃತ ಮಹಲ್ ತಳಿಯ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲುಗಳನ್ನು ಅಲ್ಲಿ ಕಾವಲು ಎನ್ನುತ್ತಾರೆ. ಸುತ್ತಲಿನ ಹಳ್ಳಿಗಳ ದನ ಕುರಿಗಳು ಮೇಯುತ್ತಿದ್ದುದು ಅಲ್ಲೇ. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಬರುತ್ತಿದ್ದುದೂ ಆ ಕುರಿಗಳಿಂದಲೇ. 2008ರ ನಂತರದ ವರ್ಷಗಳಲ್ಲಿ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳಲ್ಲಿ ಹತ್ತು ಸಾವಿರ ಎಕರೆಯಷ್ಟು ಭೂಮಿಯನ್ನು ರಕ್ಷಣಾ ಸಂಶೋಧನೆ, ಅಣುವಿಜ್ಞಾನ, ಬಾಹ್ಯಾಕಾಶ ಮತ್ತಿತರ ಸಂಸ್ಥೆಗಳಿಗೆ ಕೊಡಲಾಯಿತು. ಗೋಡೆಗಳು ಎದ್ದವು. ತಮ್ಮನ್ನು ಯಾರೂ ಕೇಳಲಿಲ್ಲ ಎಂಬುದು ಹಳ್ಳಿಯವರ ದೂರು. ವಿಷಯ ಚೆನ್ನೈನ ಹಸಿರು ನ್ಯಾಯಮಂಡಳಿಗೆ ಹೋಗಿ 2014ರ ಆಗಸ್ಟ್‌ನಲ್ಲಿ ಅಂತಿಮ ಆದೇಶ ಬಂತು. ಯೋಜನೆಗಳು ನಿಲ್ಲಲಿಲ್ಲ.

ವಿಜ್ಞಾನ ಸಂಸ್ಥೆಗಳು ಬೇಡವೆಂದು ಇಲ್ಲಿ ಹೇಳುತ್ತಿಲ್ಲ. ಜಾರ್ಖಂಡಿನಲ್ಲಿ ಕಾನೂನು ಇದ್ದೂ ಗ್ರಾಮಸಭೆಯನ್ನು ಕೇಳುತ್ತಿರಲಿಲ್ಲ, ಇಲ್ಲಿ ಕೇಳಲೇಬೇಕೆಂಬ ಆ ಕಾನೂನೇ ಅನ್ವಯಿಸುವುದಿಲ್ಲ. ಎರಡೂ ಕಡೆ ಹಳ್ಳಿಯವನ ಪಾಡು ಹೆಚ್ಚುಕಡಿಮೆ ಒಂದೇ. ಸ್ಟ್ಯಾನ್ ಸ್ವಾಮಿಯವರು ಕೇಳಿದ ಪ್ರಶ್ನೆ ರಾಂಚಿಯದ್ದು ಮಾತ್ರವಲ್ಲ ಎಂದು ತೋರಿಸಲು ಇಷ್ಟು ಹೇಳಬೇಕಾಯಿತು.

ಜೈಲಿನಲ್ಲಿರುವವರ ಲೆಕ್ಕ

ಅವರ ಕೆಲಸಗಳಲ್ಲಿ ನಮಗೆ ಬಹಳ ಮುಖ್ಯವಾಗಿ ಕಾಣುವುದು ಜೈಲಿನಲ್ಲಿರುವ ಆದಿವಾಸಿ ಯುವಕರನ್ನು ಕುರಿತ ಅಧ್ಯಯನ. ನಕ್ಸಲರೆಂಬ ಆರೋಪದಲ್ಲಿ ಜಾರ್ಖಂಡಿನ ಸಾವಿರಾರು ಯುವಕರು ಬಂಧಿತರಾಗಿದ್ದರು. ಅವರೆಲ್ಲ ಯಾರು, ಅವರ ಮನೆಯಲ್ಲಿ ಊಟಕ್ಕೆ ಏನಿದೆ, ಪ್ರಕರಣ ಎಲ್ಲಿಗೆ ಬಂದಿದೆ ಎಂದು ಕೇಳಿದವರು ಕಡಿಮೆ. ಬಗೈಚಾದ ತಂಡ ಹಲವು ಜಿಲ್ಲೆಗಳಲ್ಲಿ ತಿರುಗಿ ಇಂಥ 102 ವಿಚಾರಣಾಧೀನರ ವಿವರ ಸಂಗ್ರಹಿಸಿತು. ಬಹುಪಾಲು ಜನ ಆದಿವಾಸಿಗಳು, ದಲಿತರು, ಹಿಂದುಳಿದವರು. ಬಹುತೇಕ ಎಲ್ಲರ ಕುಟುಂಬದ ಆದಾಯ ತಿಂಗಳಿಗೆ 5 ಸಾವಿರ ರೂಪಾಯಿಗಿಂತ ಕಡಿಮೆ. ತಮಗೂ ನಕ್ಸಲರಿಗೂ ಸಂಬಂಧವಿಲ್ಲ, ಸುಳ್ಳು ಕೇಸು ಹಾಕಿದ್ದಾರೆ ಎಂಬುದೇ ಹೆಚ್ಚುಕಡಿಮೆ ಎಲ್ಲರ ಮಾತು. ನೆಲದ ಹಕ್ಕು ಕಳೆದುಕೊಂಡ ಜನರಿಗೆ ಕೊನೆಗೆ ಸಿಗುವುದು ಜೈಲು ಎಂಬುದು ಆ ವರದಿಯ ಸಾರ.

ವರದಿ ಅಚ್ಚಾದ ಮೇಲೆ ಸುಮ್ಮನಾಗಲಿಲ್ಲ. ವಕೀಲೆ ಸುಧಾ ಭಾರದ್ವಾಜ್ ಅವರೊಡನೆ ಸೇರಿ ಇಂಥ ಕೈದಿಗಳ ನೆರವಿಗೆ ಸಮಿತಿಯೊಂದನ್ನು ನಡೆಸುತ್ತಿದ್ದ ಅವರು, ಸುಮಾರು 3 ಸಾವಿರ ವಿಚಾರಣಾಧೀನರ ಪರವಾಗಿ ಜಾರ್ಖಂಡ್ ಹೈಕೋರ್ಟಿನಲ್ಲಿ 2017ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಬೇಗ ವಿಚಾರಣೆ ನಡೆಸಿ, ಯೋಗ್ಯರಿಗೆ ಜಾಮೀನು ಕೊಡಿ, ವಿಳಂಬಕ್ಕೆ ಕಾರಣ ಹುಡುಕಿ ಎಂಬುದು ಬೇಡಿಕೆ. ಸರಕಾರಕ್ಕೆ ತಾವು ಬೇಡವಾದದ್ದು ಈ ಕೆಲಸದಿಂದಲೇ ಎಂದು ಅವರು ನಂಬಿದ್ದರು.

ಅದೇ ಸುಮಾರಿಗೆ ಖೂಂಟಿ ಜಿಲ್ಲೆಯಲ್ಲಿ 'ಪತ್ಥಲ್‌ಗಡಿ' ಚಳವಳಿ ಎದ್ದಿತು. ಹಿರಿಯರ ನೆನಪಿಗೆ ಕಲ್ಲು ನಿಲ್ಲಿಸುವುದು ಮುಂಡಾ ಜನರ ಪುರಾತನ ಪದ್ಧತಿ. ಈಗ ಊರ ಬಾಗಿಲಲ್ಲಿ ನಿಲ್ಲಿಸಿದ ಕಲ್ಲಿನ ಮೇಲೆ ಸಂವಿಧಾನದ ಮತ್ತು ಪೇಸಾ ಕಾಯ್ದೆಯ ವಿಧಿಗಳನ್ನು ಕೆತ್ತಿಸಿದರು. ಗ್ರಾಮಸಭೆಯ ಮಾತೇ ಕೊನೆ ಎಂದರು. ಸಾವಿರಾರು ಜನರ ಮೇಲೆ ರಾಜದ್ರೋಹದ ಮೊಕದ್ದಮೆ ಬಿತ್ತು. 2018ರ ಜುಲೈಯಲ್ಲಿ, ಫೇಸ್‌ಬುಕ್ ಬರಹಗಳ ಕಾರಣಕ್ಕೆ, ಸ್ಟ್ಯಾನ್ ಸ್ವಾಮಿಯವರೂ ಸೇರಿ 20 ಮಂದಿಯ ಮೇಲೆ ಪ್ರಕರಣ ದಾಖಲಾಯಿತು. 2019ರ ಡಿಸೆಂಬರ್‌ನಲ್ಲಿ ಹೇಮಂತ್ ಸೊರೇನ್ ಸರಕಾರ ಅಧಿಕಾರಕ್ಕೆ ಬಂದ ಕೂಡಲೇ ಪತ್ಥಲ್‌ಗಡಿ ಪ್ರಕರಣಗಳನ್ನು ಹಿಂತೆಗೆದುಕೊಳ್ಳಲು ನಿರ್ಧರಿಸಿತು.

ಬಂಧನ ಮತ್ತು ಕೊನೆಯ ಒಂಬತ್ತು ತಿಂಗಳು

ಅಷ್ಟರಲ್ಲಿ ಇನ್ನೊಂದು ಪ್ರಕರಣ ಸುತ್ತಿಕೊಂಡಿತ್ತು. 2018ರ ಜನವರಿ 1ರಂದು ಮಹಾರಾಷ್ಟ್ರದ ಭೀಮಾ ಕೋರೆಗಾಂವ್‌ನಲ್ಲಿ ನಡೆದ ಹಿಂಸಾಚಾರದ ತನಿಖೆ ನಡೆಸುತ್ತಿದ್ದ ಪುಣೆ ಪೊಲೀಸರು ಆ ವರ್ಷದ ಆಗಸ್ಟ್ 28ರಂದು ಬಗೈಚಾದಲ್ಲಿ ಶೋಧ ನಡೆಸಿದರು. 2019ರ ಜೂನ್ 12ರಂದು ಮತ್ತೊಮ್ಮೆ ಬಂದು ಕಂಪ್ಯೂಟರ್ ಒಯ್ದರು. 2020ರಲ್ಲಿ ತನಿಖೆ ರಾಷ್ಟ್ರೀಯ ತನಿಖಾ ಸಂಸ್ಥೆಯ ಕೈಗೆ ಹೋಯಿತು. ನಿಷೇಧಿತ ಮಾವೋವಾದಿ ಪಕ್ಷದೊಂದಿಗೆ ಸಂಬಂಧವಿದೆ ಎಂಬುದು ಆರೋಪ. ಅದನ್ನು ಅವರು ನಿರಾಕರಿಸಿದರು. ತಮ್ಮ ಕಂಪ್ಯೂಟರಿನಲ್ಲಿ ಸಿಕ್ಕಿವೆ ಎಂದು ತೋರಿಸಿದ ಪತ್ರಗಳು ತಮ್ಮವಲ್ಲ, ಭೀಮಾ ಕೋರೆಗಾಂವ್‌ಗೆ ತಾವು ಹೋದದ್ದೇ ಇಲ್ಲ ಎಂದರು. ಬಂಧನಕ್ಕೆ ಮುಂಚೆ ಧ್ವನಿಮುದ್ರಿಸಿದ ಸಂದೇಶದಲ್ಲಿ, ತಮಗೆ ಆಗುತ್ತಿರುವುದು ತಮಗೊಬ್ಬರಿಗೇ ಆಗುತ್ತಿರುವುದಲ್ಲ, ಸುಮ್ಮನೆ ನೋಡುತ್ತ ನಿಲ್ಲದ ಕಾರಣಕ್ಕೆ ಬೆಲೆ ತೆರಲು ಸಿದ್ಧ ಎಂಬರ್ಥದ ಮಾತು ಹೇಳಿದರು.

2020ರ ಅಕ್ಟೋಬರ್ 8ರ ರಾತ್ರಿ ಅವರನ್ನು ಬಗೈಚಾದಿಂದ ಕರೆದೊಯ್ಯಲಾಯಿತು. ಕೊರೊನಾ ಕಾಲ. ವಯಸ್ಸು 83. ನವಿ ಮುಂಬೈಯ ತಲೋಜಾ ಜೈಲಿಗೆ ಸೇರಿಸಿದರು. ನವೆಂಬರ್ 6ರಂದು ಸ್ಟ್ರಾ ಮತ್ತು ಸಿಪ್ಪರ್‌ಗಾಗಿ ಅರ್ಜಿ ಹಾಕಿದರು. ಉತ್ತರ ಕೊಡಲು ತನಿಖಾ ಸಂಸ್ಥೆಗೆ ಇಪ್ಪತ್ತು ದಿನ ಸಿಕ್ಕಿತು. ನವೆಂಬರ್ 26ರಂದು, ನಾವು ಅವರ ಸಿಪ್ಪರ್ ತೆಗೆದುಕೊಂಡೇ ಇಲ್ಲ ಎಂದು ಉತ್ತರ ಬಂತು. ಅಷ್ಟರಲ್ಲಿ ದೇಶದ ನಾನಾ ಕಡೆಯಿಂದ ಜನರು ಅಂಚೆಯಲ್ಲಿ ಸಿಪ್ಪರ್ ಕಳುಹಿಸತೊಡಗಿದ್ದರು. ಕೊನೆಗೆ ಜೈಲಿನವರು ಒದಗಿಸಿದರು.

ಜೈಲಿನಿಂದ ಬರೆದ ಪತ್ರಗಳಲ್ಲಿ ಅವರು ತಮ್ಮ ಕಷ್ಟ ಹೇಳಿಕೊಂಡದ್ದು ಸ್ವಲ್ಪ. ಜೊತೆಯ ಕೈದಿಗಳಾದ ಅರುಣ್ ಫೆರೇರಾ ಊಟ ಮಾಡಲು, ವರ್ನನ್ ಗೊನ್ಸಾಲ್ವಿಸ್ ಸ್ನಾನ ಮಾಡಲು ನೆರವಾಗುತ್ತಿದ್ದುದನ್ನು ಕೃತಜ್ಞತೆಯಿಂದ ಬರೆದರು. ತಮ್ಮ ಮೇಲಿನ ಆರೋಪವೇನೆಂದೇ ತಿಳಿಯದೆ ವರ್ಷಗಟ್ಟಲೆ ಕೊಳೆಯುತ್ತಿರುವ ಬಡ ಕೈದಿಗಳ ವಿಷಯವನ್ನೇ ಹೆಚ್ಚು ಬರೆದರು. ಹೊರಗಿದ್ದಾಗ ಯಾರ ಲೆಕ್ಕ ತೆಗೆದರೋ ಅವರ ನಡುವೆಯೇ ಈಗ ಅವರೂ ಇದ್ದರು.

2021ರ ಮಾರ್ಚ್ 22ರಂದು ವಿಶೇಷ ನ್ಯಾಯಾಲಯ ಜಾಮೀನು ನಿರಾಕರಿಸಿತು. ಯುಎಪಿಎ ಕಾನೂನಿನಲ್ಲಿ ಆರೋಪ ಮೇಲುನೋಟಕ್ಕೆ ನಿಜವೆಂದು ಕಂಡರೆ ಸಾಕು, ಜಾಮೀನು ಕೊಡುವಂತಿಲ್ಲ. ಮೇ 21ರಂದು ಬಾಂಬೆ ಹೈಕೋರ್ಟಿನ ಮುಂದೆ ವಿಡಿಯೋ ಮೂಲಕ ಹಾಜರಾದರು. ಜೈಲಿಗೆ ಬಂದಾಗ ತಾವೇ ಉಣ್ಣುತ್ತಿದ್ದೆ, ನಡೆಯುತ್ತಿದ್ದೆ, ಸ್ನಾನ ಮಾಡುತ್ತಿದ್ದೆ, ಬರೆಯುತ್ತಿದ್ದೆ, ಈಗ ಒಂದೊಂದಾಗಿ ಎಲ್ಲವೂ ಹೋಗುತ್ತಿದೆ ಎಂದರು. ಸರಕಾರಿ ಆಸ್ಪತ್ರೆಗೆ ಸೇರಿಸಲೇ ಎಂದು ನ್ಯಾಯಾಧೀಶರು ಕೇಳಿದಾಗ ಒಪ್ಪಲಿಲ್ಲ. ತಮ್ಮವರ ಜೊತೆ ಇರಲು ಬಿಡಿ, ಇಲ್ಲವಾದರೆ ಇಲ್ಲೇ ಸಾಯುತ್ತೇನೆ ಎಂಬುದು ಅವರ ಬೇಡಿಕೆ. ಮೇ 28ರಂದು ಹೋಲಿ ಫ್ಯಾಮಿಲಿ ಆಸ್ಪತ್ರೆಗೆ ಸೇರಿಸಲು ನ್ಯಾಯಾಲಯ ಒಪ್ಪಿತು. ಅಲ್ಲಿ ಕೊರೊನಾ ಸೋಂಕು ಪತ್ತೆಯಾಯಿತು. ಜುಲೈ 5ರ ಮಧ್ಯಾಹ್ನ ಜಾಮೀನು ಅರ್ಜಿಯ ವಿಚಾರಣೆಗೆ ನ್ಯಾಯಾಲಯ ಕುಳಿತಾಗ, ಅವರು ಒಂದು ಗಂಟೆ 24 ನಿಮಿಷಕ್ಕೆ ತೀರಿಕೊಂಡರೆಂದು ವೈದ್ಯರು ತಿಳಿಸಿದರು. ಮರುದಿನ ಬಾಂದ್ರಾದ ಸಂತ ಪೇತ್ರರ ದೇವಾಲಯದಲ್ಲಿ ಬಲಿಪೂಜೆ ನಡೆಯಿತು. ಕೊರೊನಾ ನಿಯಮದ ಕಾರಣ ಬೆರಳೆಣಿಕೆಯ ಜನ. ಸಾವಿರಾರು ಮಂದಿ ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ನೋಡಿದರು. ದೇಹವನ್ನು ದಹನ ಮಾಡಿ ಭಸ್ಮವನ್ನು ಜಾರ್ಖಂಡಿಗೆ ಒಯ್ದರು.

ಅವರ ಬಂಧನ ನಿರಂಕುಶವಾದದ್ದು ಎಂದು ವಿಶ್ವಸಂಸ್ಥೆಯ ಕಾರ್ಯತಂಡವೊಂದು 2021ರ ನವೆಂಬರ್‌ನಲ್ಲಿ ಅಭಿಪ್ರಾಯಪಟ್ಟಿತು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆ ಅವರ ಕಂಪ್ಯೂಟರಿನ ಪ್ರತಿಯನ್ನು ಪರಿಶೀಲಿಸಿ ವರದಿ ಕೊಟ್ಟಿತು. ಪ್ರತಿವಾದಿಗಳ ವಕೀಲರ ಕೋರಿಕೆಯ ಮೇಲೆ ಮಾಡಿದ ಪರಿಶೀಲನೆ ಅದು. 2014ರಿಂದ ಯಾರೋ ದೂರದಿಂದಲೇ ಆ ಕಂಪ್ಯೂಟರಿಗೆ ನುಗ್ಗಿ ಕಡತಗಳನ್ನು ಸೇರಿಸಿದ್ದಾರೆ, ಎರಡನೇ ಶೋಧದ ಹಿಂದಿನ ದಿನದವರೆಗೂ ಇದು ನಡೆದಿದೆ ಎಂದು ವರದಿ ಹೇಳಿತು. ಸತ್ತವರ ಮೇಲೆ ವಿಚಾರಣೆ ನಡೆಯುವುದಿಲ್ಲ. ಹಾಗಾಗಿ ಅವರು ತಪ್ಪಿತಸ್ಥರೆಂದೂ ಅಲ್ಲವೆಂದೂ ಯಾವ ನ್ಯಾಯಾಲಯವೂ ಹೇಳದೆ ಉಳಿಯಿತು. ಆ ಕಳಂಕ ಅಳಿಸಬೇಕೆಂದು ಯೇಸುಸಭೆಯ ಫಾದರ್ ಫ್ರೇಜರ್ ಮಸ್ಕರೇನ್ಹಸ್ ಅವರು ಬಾಂಬೆ ಹೈಕೋರ್ಟಿನ ಮೊರೆ ಹೋದರು.

ಕರಾವಳಿಯಲ್ಲಿ

2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ತನ್ನ ಬೀರಿ ಆವರಣದ ಉದ್ಯಾನವೊಂದಕ್ಕೆ ಫಾದರ್ ಸ್ಟ್ಯಾನ್ ಸ್ವಾಮಿಯವರ ಹೆಸರಿಡಲು ಯೋಚಿಸಿತ್ತು. ಕೆಲವು ಸಂಘಟನೆಗಳ ವಿರೋಧದಿಂದ ಅದು ನಡೆಯಲಿಲ್ಲ.

ಅದೇ ತಿಂಗಳು ಮಂಗಳೂರಿನ ನ್ಯಾಯಾಲಯದಲ್ಲಿ ಇನ್ನೊಂದು ತೀರ್ಪು ಬಂತು. ಅದಕ್ಕೆ ಇಲ್ಲಿ ಹೆಚ್ಚು ಜಾಗ ಕೊಡಬೇಕೆನಿಸುತ್ತದೆ. ಬೆಳ್ತಂಗಡಿ ತಾಲೂಕಿನ ಕುತ್ಲೂರು, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಮಲೆಕುಡಿಯರು ವಾಸವಾಗಿರುವ ಊರು. ಅಲ್ಲಿನ ವಿಠಲ ಮಲೆಕುಡಿಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಗ, 2012ರ ಮಾರ್ಚ್‌ನಲ್ಲಿ, ತಂದೆ ಲಿಂಗಪ್ಪ ಅವರ ಜೊತೆ ಬಂಧಿತರಾದರು. ನಕ್ಸಲರ ನಂಟು ಎಂಬ ಆರೋಪ, ಯುಎಪಿಎ ಮತ್ತು ರಾಜದ್ರೋಹದ ಕಲಂಗಳು. ಮನೆಯಲ್ಲಿ ಸಿಕ್ಕ ಸಾಕ್ಷ್ಯಗಳ ಪಟ್ಟಿಯಲ್ಲಿ ಭಗತ್ ಸಿಂಗ್ ಕುರಿತ ಒಂದು ಪುಸ್ತಕವೂ ಪತ್ರಿಕೆಯ ತುಣುಕುಗಳೂ ಇದ್ದವು. ಕೆಲವು ತಿಂಗಳ ಬಳಿಕ ಜಾಮೀನು ಸಿಕ್ಕಿತು. ಒಂಬತ್ತೂವರೆ ವರ್ಷದ ಮೇಲೆ ನ್ಯಾಯಾಲಯ ಇಬ್ಬರನ್ನೂ ದೋಷಮುಕ್ತರೆಂದು ಬಿಡುಗಡೆ ಮಾಡಿತು. ಫಾದರ್ ಸ್ಟ್ಯಾನ್ ಸ್ವಾಮಿ ತೀರಿಕೊಂಡು ಆಗ ಮೂರು ತಿಂಗಳು ಕಳೆದಿತ್ತು. ಬಗೈಚಾದ ಆ 102 ಜನರ ಪಟ್ಟಿಯಲ್ಲಿ ಇರಬಹುದಾಗಿದ್ದ ಕಥೆ ನಮ್ಮ ಘಟ್ಟದ ಬುಡದಲ್ಲೇ ನಡೆದಿತ್ತು.

ನಮ್ಮ ಧರ್ಮಕೇಂದ್ರಗಳ ವ್ಯಾಪ್ತಿಯಲ್ಲೇ ಕೊರಗರಿದ್ದಾರೆ. ಅವರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 2000ದಲ್ಲಿ. ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು 1990ರ ದಶಕದಲ್ಲೇ ಡಾ. ಮಹಮ್ಮದ್ ಪೀರ್ ವರದಿ ಶಿಫಾರಸು ಮಾಡಿತ್ತು. ಕೊರಗರು ವರ್ಷವೂ ಆಗಸ್ಟ್ 18ರಂದು ಭೂಮಿ ಹಬ್ಬ ಆಚರಿಸಿ ಆ ಬೇಡಿಕೆಯನ್ನು ನೆನಪಿಸುತ್ತಾರೆ. ಉತ್ತರಕ್ಕೆ ಕಾರವಾರ ಧರ್ಮಕ್ಷೇತ್ರದ ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಸಮುದಾಯದ ಕಥೋಲಿಕರೇ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಪೇಸಾ ಕಾಯ್ದೆ ನಮ್ಮಲ್ಲಿ ಇಲ್ಲದಿದ್ದರೂ ಅರಣ್ಯ ಹಕ್ಕು ಕಾಯ್ದೆ ಇದೆ. ಈ ವಿಷಯದಲ್ಲಿ ವಾಳೆಯ ಗುರ್ಕಾರರು, ಧರ್ಮಭಗಿನಿಯರು, ಸಮಾಜಸೇವಾ ಕಾರ್ಯಕರ್ತರು ತಿಳಿದಿರಬೇಕಾದ ಕೆಲವು ಅಂಶಗಳನ್ನು ಇಲ್ಲಿ ಕೊಡುತ್ತಿದ್ದೇವೆ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅರಣ್ಯ ಭೂಮಿಯಲ್ಲಿ ವಾಸವಿದ್ದು ಅಥವಾ ಉಳುಮೆ ಮಾಡುತ್ತಿದ್ದು, ಜೀವನಕ್ಕೆ ಅದನ್ನೇ ನಂಬಿರುವ ಪರಿಶಿಷ್ಟ ಪಂಗಡದವರು ಹಕ್ಕು ಕೇಳಬಹುದು. ಗರಿಷ್ಠ ಮಿತಿ ನಾಲ್ಕು ಹೆಕ್ಟೇರ್. ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸವನ್ನು ತೋರಿಸಬೇಕು. ಅರ್ಜಿ ಕೊಡಬೇಕಾದದ್ದು ಅರಣ್ಯ ಇಲಾಖೆಗಲ್ಲ, ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿಗೆ. ದಾಖಲೆ ಪತ್ರ ಇಲ್ಲವೆಂದು ಯಾರಾದರೂ ಹಿಂದೆ ಕಳುಹಿಸಿದರೆ ಒಪ್ಪಬೇಕಾಗಿಲ್ಲ. ಅರ್ಜಿದಾರರಲ್ಲದ ಊರ ಹಿರಿಯರು ಬರೆದುಕೊಟ್ಟ ಹೇಳಿಕೆ, ಹಳೆಯ ಮನೆ, ಬಾವಿ, ಸಮಾಧಿ, ದೈವಸ್ಥಾನದಂಥ ಗುರುತುಗಳೂ ಸಾಕ್ಷ್ಯವೆಂದು ನಿಯಮದಲ್ಲೇ ಇದೆ. ಗ್ರಾಮಸಭೆಯ ನಿರ್ಣಯ ಒಪ್ಪಿಗೆಯಾಗದಿದ್ದರೆ ಅರವತ್ತು ದಿನದೊಳಗೆ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಬಹುದು. ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಕಾರಣ ತಿಳಿಸದೆ ತಿರಸ್ಕರಿಸಿದ ಅರ್ಜಿಗಳು ನಿಮ್ಮ ಊರಿನಲ್ಲಿ ಎಷ್ಟಿವೆ ಎಂಬ ಪಟ್ಟಿಯನ್ನು ಮೊದಲು ಮಾಡಿಕೊಳ್ಳಿ.